ವರ್ಡ್‌ನ ಟೇಬಲ್ ಸ್ಟೈಲ್ ಕನ್ನಡ ಅಕ್ಷರಕ್ಕೆ ಹತ್ತದಿದ್ದಾಗ

ವಾರ್ಷಿಕ ವರದಿ, ದರಪಟ್ಟಿ, ಜಮಾ-ಖರ್ಚಿನ ತಃಖ್ತೆ. ಕನ್ನಡದಲ್ಲಿ ತಯಾರಾಗುವ ಇಂಥ ಕಡತಗಳಲ್ಲಿ ಪುಟಕ್ಕೊಂದು ಟೇಬಲ್ ಇರುತ್ತದೆ. ಮೂವತ್ತು-ನಲವತ್ತು ಟೇಬಲ್‌ಗಳು ಒಂದೇ ಥರ ಕಾಣಬೇಕೆಂದರೆ ಟೇಬಲ್ ಸ್ಟೈಲ್ (ಗೆರೆ, ಬಣ್ಣ, ಅಕ್ಷರದ ಗುಣಗಳನ್ನು ಒಂದೇ ಹೆಸರಿನಡಿ ಕೂಡಿಸಿಟ್ಟ ವಿನ್ಯಾಸ) ಬಳಸಲೇಬೇಕು. ಆದರೆ ಸ್ಟೈಲಿನಲ್ಲಿ 9 ಪಾಯಿಂಟ್ ಕೊಟ್ಟಿದ್ದರೂ ಅಕ್ಷರ 12ರಲ್ಲೇ ನಿಂತಿರುತ್ತದೆ, ತಲೆಸಾಲು ಬೋಲ್ಡ್ ಆಗುವುದಿಲ್ಲ, ಸಾಲುಗಳ ಮಧ್ಯೆ ಬೇಡದ ಜಾಗ ಉಳಿಯುತ್ತದೆ. ಇಂಥ ಕಡತ ಕೈಗೆ ಬಂದಾಗ ನಾನು ಅದನ್ನು ಸರಿಪಡಿಸುವ ರೀತಿಯನ್ನು ಇಲ್ಲಿ ಬರೆದಿದ್ದೇನೆ. ಮೆನು ಹೆಸರುಗಳು ವಿಂಡೋಸ್‌ನ ಈಚಿನ ವರ್ಡ್‌ನವು.

ಮೊದಲು ಟೇಬಲ್ಲಿನ ಒಂದೇ ಒಂದು ಸೆಲ್ ಅನ್ನು ಹತ್ತಿರದಿಂದ ನೋಡುತ್ತೇನೆ. 'ಒಟ್ಟು ರೂ. 4,500' ಎಂದಿದೆ ಎಂದುಕೊಳ್ಳಿ. 4,500 ಚಿಕ್ಕದಾಗಿ 'ಒಟ್ಟು ರೂ' ದೊಡ್ಡದಾಗಿಯೇ ಉಳಿದಿದ್ದರೆ ತೊಂದರೆ ಸ್ಟೈಲಿನ ಕನ್ನಡ ಸೆಟ್ಟಿಂಗಿನದು. ಅಂಕಿ, ಅಕ್ಷರ ಎರಡೂ ಜಪ್ಪಯ್ಯ ಅನ್ನದಿದ್ದರೆ ನಾರ್ಮಲ್ ಸ್ಟೈಲಿನದು, ಅಂದರೆ ನಾವು ಬೇರೇನೂ ಆರಿಸದಿದ್ದಾಗ ವರ್ಡ್ ಪ್ರತಿ ಪ್ಯಾರಾಗೂ ತಾನಾಗಿ ಹಾಕುವ ಸ್ಟೈಲಿನದು. ಉಳಿದೆಲ್ಲ ಸರಿಯಿದ್ದು ಒಂದೆರಡು ಸೆಲ್ ಮಾತ್ರ ಬೇರೆಯಾಗಿದ್ದರೆ ಅಲ್ಲಿ ಯಾರೋ ಕೈಯಿಂದ ಫಾರ್ಮ್ಯಾಟ್ ಮಾಡಿದ್ದಾರೆ. ಅನುಮಾನವಿದ್ದರೆ ಆ ಸೆಲ್ಲಿನೊಳಗೆ ಕರ್ಸರ್ ಇಟ್ಟು ಶಿಫ್ಟ್ + ಎಫ್1 ಒತ್ತಿ. ಬಲಗಡೆ ರಿವೀಲ್ ಫಾರ್ಮ್ಯಾಟಿಂಗ್ ಪಟ್ಟಿ ತೆರೆಯುತ್ತದೆ. ಅದರ ಕೆಳಗಿರುವ 'ಡಿಸ್ಟಿಂಗ್ವಿಶ್ ಸ್ಟೈಲ್ ಸೋರ್ಸ್' ಚೌಕಕ್ಕೆ ಟಿಕ್ ಹಾಕಿದರೆ ಯಾವ ಗುಣ ಎಲ್ಲಿಂದ ಬಂತು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ಸ್ಟೈಲ್ ಇನ್‌ಸ್ಪೆಕ್ಟರ್ ಇಲ್ಲಿ ಸಾಲದು, ಅದು ಪ್ಯಾರಾ ಮತ್ತು ಅಕ್ಷರದ ಮಟ್ಟವನ್ನಷ್ಟೇ ತೋರಿಸುತ್ತದೆ.

ಕನ್ನಡ ಸೆಟ್ಟಿಂಗಿನ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ವರ್ಡ್ ಪ್ರತಿ ಸ್ಟೈಲಿಗೂ ಎರಡೆರಡು ಲೆಕ್ಕ ಇಟ್ಟುಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರ ಮತ್ತು 1, 2, 3 ಅಂಕಿಗಳಿಗೆ ಲ್ಯಾಟಿನ್ ಫಾಂಟ್, ಗಾತ್ರ, ಬೋಲ್ಡ್. ಕನ್ನಡ, ಹಿಂದಿ, ತಮಿಳಿನಂಥ ಲಿಪಿಗಳಿಗೆ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬ ಹೆಸರಿನಲ್ಲಿ ಪ್ರತ್ಯೇಕ ಫಾಂಟ್, ಗಾತ್ರ, ಬೋಲ್ಡ್. ಒಂದನ್ನು ಬದಲಿಸಿದರೆ ಇನ್ನೊಂದೂ ಬದಲಾಗುತ್ತದೆಂದು ನಂಬಿ ಕೂರುವಂತಿಲ್ಲ. ಆಫೀಸ್ ಥೀಮ್‌ನಲ್ಲಿ ಕನ್ನಡಕ್ಕೆ ಗೊತ್ತುಮಾಡಿರುವ ಫಾಂಟ್ ತುಂಗಾ. ನೀವು ನಿರ್ಮಲಾ ಯುಐ ಆರಿಸಿದ್ದರೂ ಟೇಬಲ್ಲಿನೊಳಗೆ ಇದ್ದಕ್ಕಿದ್ದಂತೆ ತುಂಗಾ ಕಾಣಿಸಿಕೊಳ್ಳಲು ಇದೇ ಕಾರಣ.

ಇದಕ್ಕೆ ಹೀಗೆ ಮಾಡಿ: ಫೈಲ್ > ಆಪ್ಷನ್ಸ್ > ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡವನ್ನು ಎಡಿಟಿಂಗ್ ಭಾಷೆಯಾಗಿ ಸೇರಿಸಿ, ವರ್ಡ್ ಮುಚ್ಚಿ ತೆರೆಯಿರಿ. ಆಮೇಲೆ ಟೇಬಲ್ ಡಿಸೈನ್ ಟ್ಯಾಬಿನಲ್ಲಿ ಸ್ಟೈಲಿನ ಮೇಲೆ ಬಲಕ್ಲಿಕ್, ಮಾಡಿಫೈ, ಫಾರ್ಮ್ಯಾಟ್, ಫಾಂಟ್. ಈಗ ಆ ಪೆಟ್ಟಿಗೆಯಲ್ಲಿ ಲ್ಯಾಟಿನ್ ಭಾಗದ ಜೊತೆ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಎಂಬ ಇನ್ನೊಂದು ಭಾಗವಿರುತ್ತದೆ. ಫಾಂಟ್, ಬೋಲ್ಡ್, ಗಾತ್ರ ಮೂರನ್ನೂ ಅಲ್ಲಿಯೂ ತುಂಬಿ. ಮಾಡಿಫೈ ಪೆಟ್ಟಿಗೆಯ 'ಅಪ್ಲೈ ಫಾರ್ಮ್ಯಾಟಿಂಗ್ ಟು' ಪಟ್ಟಿಯಲ್ಲಿ ಯಾವ ಭಾಗ ಆರಿಸಿದ್ದೀರೋ ಆ ಭಾಗಕ್ಕಷ್ಟೇ ಇದು ಅನ್ವಯ. ಹೋಲ್ ಟೇಬಲ್‌ಗೆ ಒಮ್ಮೆ, ಹೆಡರ್ ರೋಗೆ ಒಮ್ಮೆ, ಹೀಗೆ ಎರಡು ಸಲ ಮಾಡಬೇಕು.

ಇನ್ನು ನಾರ್ಮಲ್ ಸ್ಟೈಲಿನ ಜಗಳ. ವರ್ಡ್ ಗುಣಗಳನ್ನು ಒಂದರ ಮೇಲೊಂದು ಹೇರುತ್ತ ಹೋಗುತ್ತದೆ: ತಳದಲ್ಲಿ ಕಡತದ ಡಿಫಾಲ್ಟ್ (ಯಾವ ಸ್ಟೈಲೂ ಏನೂ ಹೇಳದಿದ್ದಾಗ ಅನ್ವಯವಾಗುವ ಗುಣ), ಅದರ ಮೇಲೆ ಟೇಬಲ್ ಸ್ಟೈಲ್, ಅದರ ಮೇಲೆ ಪ್ಯಾರಾ ಸ್ಟೈಲ್, ಕೊನೆಗೆ ಅಕ್ಷರ ಸ್ಟೈಲ್ ಮತ್ತು ಕೈಯಿಂದ ಮಾಡಿದ್ದು. ಟೇಬಲ್ ಸ್ಟೈಲ್ ಕೆಳಗಿದೆ, ಪ್ಯಾರಾ ಸ್ಟೈಲ್ ಮೇಲಿದೆ ಎಂಬುದೇ ಇಲ್ಲಿ ಮುಖ್ಯ. ಕಡತದ ಡಿಫಾಲ್ಟ್ 11 ಇದ್ದು ನಾರ್ಮಲ್ ಅನ್ನು 12 ಮಾಡಿದ್ದರೆ ಆ 12 ನಾರ್ಮಲ್‌ನ ಸ್ವಂತ ಗುಣವಾಗುತ್ತದೆ, ಟೇಬಲ್ ಸ್ಟೈಲಿನ 9 ಅದರ ಕೆಳಗೆ ಮುಚ್ಚಿಹೋಗುತ್ತದೆ. ಡಿಫಾಲ್ಟ್ 12, ನಾರ್ಮಲ್ಲೂ 12 ಆಗಿದ್ದರೆ ನಾರ್ಮಲ್ ತನ್ನದೆಂದು ಏನೂ ಹೇಳುವುದಿಲ್ಲ, ಆಗ 9 ಕಾಣಿಸುತ್ತದೆ. ಸಾಲಿನ ಅಂತರದ್ದೂ ಇದೇ ಕತೆ: ನಾರ್ಮಲ್‌ಗೆ ಪ್ಯಾರಾ ನಂತರ 6 ಪಾಯಿಂಟ್ ಜಾಗ ಕೊಟ್ಟರೆ ಅದು ಎಲ್ಲ ಟೇಬಲ್‌ಗಳ ಎಲ್ಲ ಸೆಲ್‌ಗಳಿಗೂ ನುಗ್ಗುತ್ತದೆ. ಡಿಫಾಲ್ಟ್ ಬದಲಿಸುವ ಜಾಗ ಸ್ಟೈಲ್ಸ್ ಪಟ್ಟಿಯ ಕೆಳಗಿನ ಮ್ಯಾನೇಜ್ ಸ್ಟೈಲ್ಸ್ ಗುಂಡಿಯೊಳಗೆ, ಸೆಟ್ ಡಿಫಾಲ್ಟ್ಸ್ ಟ್ಯಾಬಿನಲ್ಲಿದೆ.

ಆದರೆ ನಾನು ಡಿಫಾಲ್ಟ್ ಹಿಡಿದು ಹೊಂದಿಸುವ ಕೆಲಸಕ್ಕೆ ಹೋಗುವುದಿಲ್ಲ. ಇನ್ನೊಬ್ಬರು ನಾರ್ಮಲ್ ಮುಟ್ಟಿದ ಕ್ಷಣ ಅದು ಮತ್ತೆ ಕೆಡುತ್ತದೆ. ನನ್ನ ಪದ್ಧತಿಯಲ್ಲಿ ಟೇಬಲ್ ಸ್ಟೈಲಿಗೆ ಗೆರೆ, ಬಣ್ಣ, ಸೆಲ್ ಮಾರ್ಜಿನ್ ಮಾತ್ರ ಬಿಡುತ್ತೇನೆ. ಅಕ್ಷರದ ಸಂಗತಿ ಪೂರ್ತಿ ಎರಡು ಪ್ಯಾರಾ ಸ್ಟೈಲ್‌ಗಳ ಪಾಲು. 'ಟೇಬಲ್ ಪಠ್ಯ' ಎಂಬುದಕ್ಕೆ ಲ್ಯಾಟಿನ್ 10, ಕನ್ನಡ 10 ಪಾಯಿಂಟ್, ಹಿಂದೆ ಮುಂದೆ 2 ಪಾಯಿಂಟ್ ಜಾಗ, ಸಾಲಿನ ಅಂತರ ಸಿಂಗಲ್. ಅದನ್ನೇ ಆಧರಿಸಿದ 'ಟೇಬಲ್ ತಲೆ' ಎಂಬುದಕ್ಕೆ ಹೆಚ್ಚುವರಿಯಾಗಿ ಬೋಲ್ಡ್, ಲ್ಯಾಟಿನ್ ಕನ್ನಡ ಎರಡರಲ್ಲೂ. ಹೀಗೆ ಮಾಡುವಾಗ ಟೇಬಲ್ ಸ್ಟೈಲಿನ ಹೆಡರ್ ರೋನಲ್ಲಿ ಬೋಲ್ಡ್ ಇದ್ದರೆ ತೆಗೆಯಲೇಬೇಕು. ಬೋಲ್ಡ್ ಎರಡು ಮಟ್ಟದ ಸ್ಟೈಲ್‌ಗಳಲ್ಲಿ ಇದ್ದರೆ ಒಂದನ್ನೊಂದು ರದ್ದು ಮಾಡಿ ಅಕ್ಷರ ಸಾದಾ ಆಗಿಬಿಡುತ್ತದೆ. ಎಲ್ಲ ಸರಿ ಕೊಟ್ಟಿದ್ದೂ ತಲೆಸಾಲು ತೆಳ್ಳಗೆ ಕಂಡರೆ ಮೊದಲು ಇದನ್ನು ನೋಡಿ.

ಟೇಬಲ್‌ಗಳು ಬಹಳವಿದ್ದರೆ ಎಲ್ಲಕ್ಕೂ ಒಮ್ಮೆಗೇ ಸ್ಟೈಲ್ ಹಾಕಲು ನಾಲ್ಕೈದು ಸಾಲಿನ ಮ್ಯಾಕ್ರೊ (ವರ್ಡ್ ಒಳಗೇ ಓಡುವ ಪುಟ್ಟ ಪ್ರೋಗ್ರಾಂ) ಸಾಕು. ಮೇಲೆ-ಕೆಳಗೆ ಸೆಲ್ ಕೂಡಿಸಿರುವ ಟೇಬಲ್‌ನಲ್ಲಿ ಮಾತ್ರ ಮೊದಲ ಸಾಲನ್ನು ಬಿಡಿಯಾಗಿ ಮುಟ್ಟಲು ಹೋದರೆ ಮ್ಯಾಕ್ರೊ ದೋಷ ಕೊಟ್ಟು ನಿಲ್ಲುತ್ತದೆ. ಅಂಥವಕ್ಕೆ ತಲೆಸಾಲಿನ ಸ್ಟೈಲನ್ನು ಕೈಯಿಂದಲೇ ಹಾಕಿ.

ಕೈಯಿಂದ ಮಾಡಿದ ಫಾರ್ಮ್ಯಾಟ್ ತೆಗೆಯುವುದು ಸುಲಭ. ಗೆರೆ-ಬಣ್ಣಕ್ಕೆ ಸ್ಟೈಲಿನ ಮೇಲೆ ಬಲಕ್ಲಿಕ್ ಮಾಡಿ 'ಅಪ್ಲೈ ಅಂಡ್ ಕ್ಲಿಯರ್ ಫಾರ್ಮ್ಯಾಟಿಂಗ್' ಆರಿಸಿ. ಪ್ಯಾರಾಗೆ ಕಂಟ್ರೋಲ್ + ಕ್ಯೂ, ಅಕ್ಷರಕ್ಕೆ ಕಂಟ್ರೋಲ್ + ಸ್ಪೇಸ್. ಆದರೆ ಒಂದು ಎಚ್ಚರಿಕೆ. ಕಡತ ಹಳೆಯ ನುಡಿ ಅಥವಾ ಬರಹ ಫಾಂಟಿನದಾಗಿದ್ದು ಯುನಿಕೋಡ್ (ಕನ್ನಡ ಅಕ್ಷರಕ್ಕೆ ಅದರದೇ ಸಂಕೇತವಿರುವ ಪದ್ಧತಿ) ಅಲ್ಲದಿದ್ದರೆ ಕಂಟ್ರೋಲ್ + ಸ್ಪೇಸ್ ಒತ್ತಬೇಡಿ. ಆ ಕಡತದಲ್ಲಿರುವುದು ವರ್ಡ್‌ನ ದೃಷ್ಟಿಯಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳು, ಕನ್ನಡವಾಗಿ ತೋರಿಸುತ್ತಿರುವುದು ಫಾಂಟ್ ಮಾತ್ರ. ಫಾಂಟ್ ಕಳಚಿದ ಕೂಡಲೇ ಇಡೀ ಟೇಬಲ್ ಓದಲಾಗದ ಚಿಹ್ನೆಗಳ ರಾಶಿಯಾಗುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಸ್ಟೈಲ್. ಪರಿವರ್ತಿಸುವಾಗ ಇಂಗ್ಲಿಷ್ ಪದಗಳಿದ್ದ ಸೆಲ್‌ಗಳನ್ನು ಒಂದೊಂದಾಗಿ ನೋಡಿ. ಪರಿವರ್ತಕ ಅವನ್ನೂ ನುಡಿ ಅಕ್ಷರವೆಂದೇ ತಿಳಿದು ಅರ್ಥವಿಲ್ಲದ ಕನ್ನಡವಾಗಿಸಿರಬಹುದು.

ಶೀರ್ಷಿಕೆ ಪಟ್ಟಿಯಲ್ಲಿ 'ಕಂಪ್ಯಾಟಿಬಿಲಿಟಿ ಮೋಡ್' ಎಂದಿದ್ದರೆ ಟೇಬಲ್ಲಿನೊಳಗಿನ ಅಕ್ಷರ ಗಾತ್ರ ಮತ್ತು ಅಲೈನ್‌ಮೆಂಟ್ ಹಳೆಯ ನಿಯಮದಂತೆ ನಡೆಯಬಹುದು. ಒಂದು ಪ್ರತಿ ತೆಗೆದಿಟ್ಟುಕೊಂಡು ಫೈಲ್ > ಇನ್ಫೊ > ಕನ್ವರ್ಟ್ ಮಾಡಿಯೇ ಮುಂದುವರಿಯಿರಿ.

ಸಣ್ಣವು ಇನ್ನೆರಡಿವೆ. ತಲೆಸಾಲಿನ ಬಣ್ಣವೇ ಬರದಿದ್ದರೆ ಟೇಬಲ್ ಡಿಸೈನ್‌ನ ಎಡತುದಿಯಲ್ಲಿ ಹೆಡರ್ ರೋ ಟಿಕ್ ಇದೆಯೇ ನೋಡಿ. ಆ ಆರು ಚೌಕಗಳ ಟಿಕ್ ಒಂದೊಂದು ಟೇಬಲ್‌ಗೂ ಬೇರೆ. ಮುಂದಿನ ಪುಟದಲ್ಲಿ ತಲೆಸಾಲು ಮರಳಿ ಬರದಿದ್ದರೆ ಟೇಬಲ್ ಪ್ರಾಪರ್ಟೀಸ್‌ನಲ್ಲಿ ಟೆಕ್ಸ್ಟ್ ರ‍್ಯಾಪಿಂಗ್ 'ಅರೌಂಡ್' ಆಗಿರಬಹುದು. 'ನನ್' ಮಾಡಿ.

ಒತ್ತಕ್ಷರ ಕತ್ತರಿಸಿ ಹೋಗುವುದು ಮಾತ್ರ ಸಣ್ಣ ವಿಷಯವಲ್ಲ, ಅಚ್ಚಾದ ಮೇಲೆ ಸರಿಪಡಿಸಲಾಗದು. ಪುಟ ಉಳಿಸಲೆಂದು ಸಾಲಿನ ಅಂತರವನ್ನೋ ರೋ ಎತ್ತರವನ್ನೋ 'ಎಕ್ಸಾಕ್ಟ್ಲಿ' ಮಾಡಿದಾಗ 'ಲೆಕ್ಕ', 'ಮೊತ್ತ', 'ಒಟ್ಟು' ಪದಗಳ ಒತ್ತು ಅರ್ಧಕ್ಕೇ ಮಾಯವಾಗುತ್ತದೆ, 'ಸ್ತ್ರೀ'ಯಲ್ಲಂತೂ ಇನ್ನೂ ಹೆಚ್ಚು. ಇಂಗ್ಲಿಷ್ ಟೇಬಲ್‌ಗೆ ಹೊಂದಿದ ಅಳತೆ ಕನ್ನಡಕ್ಕೆ ಸಾಲುವುದಿಲ್ಲ, ಕನ್ನಡದ ಅಕ್ಷರ ಗೆರೆಯ ಕೆಳಗೂ ಬೆಳೆಯುತ್ತದೆ. ರೋ ಎತ್ತರವನ್ನು 'ಅಟ್ ಲೀಸ್ಟ್'ಗೆ, ಸಾಲಿನ ಅಂತರವನ್ನು 'ಸಿಂಗಲ್'ಗೆ ತನ್ನಿ. ಜಾಗ ಉಳಿಸಲೇಬೇಕಿದ್ದರೆ ಸೆಲ್ ಮಾರ್ಜಿನ್ ಕಡಿಮೆ ಮಾಡಿ. ಎಡ-ಬಲ 0.19 ಸೆಂ.ಮೀ. ಇರುವುದನ್ನು 0.1ಕ್ಕೆ ಇಳಿಸಿದರೆ ಎಷ್ಟೋ ಸೆಲ್‌ಗಳಲ್ಲಿ ಎರಡನೇ ಸಾಲಿಗೆ ಜಾರಿದ ಪದ ಮೇಲೆ ಬರುತ್ತದೆ. ಮುದ್ರಣಕ್ಕೆ ಕಳಿಸುವ ಮೊದಲು ಪಿಡಿಎಫ್ ಮಾಡಿ, 200 ಪ್ರತಿಶತ ಹಿಗ್ಗಿಸಿ, ಪ್ರತಿ ಟೇಬಲ್ಲಿನ ಕೊನೆಯ ಸಾಲಿನ ಒತ್ತುಗಳನ್ನು ನೋಡಿ.