ಮೆಚ್ಚಿದ ಸೀರಿಯಲ್‌ನವರಿಂದಲೇ ನೋಟಿಸ್ ಬಂದಾಗ

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ನನ್ನ ವಿಡಿಯೋ ಇಲ್ಲ. ಕಾಪಿರೈಟ್ ದೂರಿನ ಕಾರಣ ತೆಗೆದುಹಾಕಲಾಗಿದೆ ಅಂತ ಒಂದು ಸಾಲು ಮಾತ್ರ ಇತ್ತು. ದೂರು ಕೊಟ್ಟವರು ಯಾರು ಅಂತ ನೋಡಿದೆ. 20 ವರ್ಷದಿಂದ ನಾನು ಮತ್ತೆ ಮತ್ತೆ ನೋಡಿದ, ಸಿಕ್ಕವರಿಗೆಲ್ಲ ನೋಡಿ ಅಂತ ಹೇಳಿದ ಸೀರಿಯಲ್‌ನ ಸ್ಟುಡಿಯೋ. ಸಿಟ್ಟು ಆಮೇಲೆ ಬಂತು. ಮೊದಲು ಬಂದದ್ದು ಅಳು.

ಆ ವಿಡಿಯೋ 22 ನಿಮಿಷದ್ದು. ಸೀರಿಯಲ್‌ನ ನಾಯಕಿ ಮೊದಲ ಸೀಸನ್‌ನಿಂದ ಕೊನೆಯವರೆಗೆ ಬಾಗಿಲು ದಾಟುವ ರೀತಿ ಹೇಗೆ ಬದಲಾಗುತ್ತದೆ ಅನ್ನೋದು ಅದರ ವಿಷಯ. ಶುರುವಿನಲ್ಲಿ ಅವಳು ಬಲಗೈಯಿಂದ ಬಾಗಿಲು ತಟ್ಟಿ ಕಾಯುತ್ತಾಳೆ. ನಡುವೆ ಎಲ್ಲೋ ತಟ್ಟುತ್ತಲೇ ಒಳಗೆ ಬರತೊಡಗುತ್ತಾಳೆ. ಕೊನೆಯ ಸೀಸನ್‌ನಲ್ಲಿ ಬಾಗಿಲು ತೆರೆದೇ ಇರುತ್ತದೆ, ಆದರೂ ಹೊಸ್ತಿಲಲ್ಲೇ ನಿಂತುಬಿಡುತ್ತಾಳೆ. ಇದನ್ನು ಗಮನಿಸಿ ಹೇಳಿದವರು ಯಾರೂ ಇರಲಿಲ್ಲ. ಎಲ್ಲ ಎಪಿಸೋಡ್‌ಗಳನ್ನೂ ಮತ್ತೊಮ್ಮೆ ನೋಡಿ, ಬಾಗಿಲು ಬಂದಲ್ಲೆಲ್ಲ ಗುರುತು ಹಾಕಿಕೊಂಡು ಮಾಡಿದ ಕೆಲಸ ಅದು.

ಗೆಳೆಯರ ಗುಂಪಿನಲ್ಲಿ ಗದ್ದಲ ಶುರುವಾಯಿತು. ಬೇರೆ ಹೆಸರಲ್ಲಿ ಹಾಕು ಅಂದರು. ಚಿತ್ರವನ್ನು ಎಡಬಲ ತಿರುಗಿಸಿ ಹಾಕು, ಅವರ ಸಾಫ್ಟ್‌ವೇರ್‌ಗೆ ಸಿಗಲ್ಲ ಅಂದರು. ಅವಳು ಬಲಗೈಯಿಂದ ತಟ್ಟುತ್ತಾಳೆ ಅಂತ ನಾನು ವಿಡಿಯೋದಲ್ಲಿ ಹೇಳಿದ್ದೇನೆ. ಅದನ್ನೇ ತಿರುಗಿಸಿ ಎಡಗೈ ಮಾಡಿದರೆ ನನ್ನ ಮಾತಿಗೆ ಏನು ಬೆಲೆ ಉಳಿಯಿತು? ಒಪ್ಪಲಿಲ್ಲ.

ಬದಲಿಗೆ ಕಾಯ್ದೆ ಓದಲು ಕೂತೆ. ಅಮೆರಿಕದಲ್ಲಿ 1998ರಲ್ಲಿ ಬಂದ ಡಿಎಂಸಿಎ, ಅಂದರೆ ಡಿಜಿಟಲ್ ಕಾಪಿರೈಟ್ ಕಾಯ್ದೆಯೇ ಇದಕ್ಕೆಲ್ಲ ಮೂಲ. ದೂರು ಬಂದ ಕೂಡಲೇ ಯೂಟ್ಯೂಬ್‌ನಂಥ ಕಂಪನಿ ವಿಡಿಯೋ ತೆಗೆದುಬಿಟ್ಟರೆ ಅದರ ಮೇಲೆ ಹೊಣೆ ಬರುವುದಿಲ್ಲ. ಅಂದರೆ ನಾನು ತಪ್ಪು ಮಾಡಿದೆ ಅಂತ ಯಾರೂ ತೀರ್ಮಾನ ಮಾಡಿರಲಿಲ್ಲ. ಇದು ತಿಳಿದ ಮೇಲೆ ಅರ್ಧ ಭಯ ಹೋಯಿತು. ಇನ್ನರ್ಧ ಉಳಿಯಿತು. ಯಾಕೆಂದರೆ ಚಾನೆಲ್ ಮೇಲೆ ಒಂದು ಸ್ಟ್ರೈಕ್, ಅಂದರೆ ಎಚ್ಚರಿಕೆಯ ಗುರುತು, ಬಿದ್ದಿತ್ತು, ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ.

ಅಲ್ಲಿಯ ಕಾನೂನಿನಲ್ಲಿ ಫೇರ್ ಯೂಸ್ ಅಂತ ಒಂದು ಅವಕಾಶ ಇದೆ, ವಿಮರ್ಶೆಯಂಥ ಕೆಲಸಕ್ಕೆ ಇನ್ನೊಬ್ಬರದ್ದನ್ನು ಅನುಮತಿಯಿಲ್ಲದೆ ಸ್ವಲ್ಪ ಬಳಸಬಹುದು ಅಂತ. ನಾಲ್ಕು ವಿಷಯ ನೋಡುತ್ತಾರೆ: ಯಾವ ಉದ್ದೇಶಕ್ಕೆ ಬಳಸಿದೆ, ಮೂಲ ಎಂಥದ್ದು, ಎಷ್ಟು ತೆಗೆದುಕೊಂಡೆ, ಅದರಿಂದ ಮೂಲದ ಮಾರುಕಟ್ಟೆಗೆ ಪೆಟ್ಟು ಬೀಳುತ್ತದಾ. ಒಂದು ನೋಟ್‌ಬುಕ್ ತೆಗೆದು ಕಾಲಂ ಹಾಕಿದೆ. ಯಾವ ಎಪಿಸೋಡ್, ಎಷ್ಟು ಸೆಕೆಂಡ್, ಆ ಹೊತ್ತಿನಲ್ಲಿ ನಾನು ಏನು ಹೇಳುತ್ತಿದ್ದೇನೆ. ಕೊನೆಯ ಕಾಲಂ ತುಂಬಿಸುವಾಗಲೇ ಗೊತ್ತಾದದ್ದು. ಬಾಗಿಲಿನ ಕ್ಲಿಪ್‌ಗಳೆಲ್ಲ 6ರಿಂದ 8 ಸೆಕೆಂಡ್, ಪ್ರತಿಯೊಂದರ ಮೇಲೂ ನನ್ನ ಮಾತಿದೆ. ಆದರೆ ಕೊನೆಯಲ್ಲಿ ಒಂದು ವಿದಾಯದ ದೃಶ್ಯ ಇತ್ತು. 1 ನಿಮಿಷ 50 ಸೆಕೆಂಡ್, ಸಂಗೀತದ ಸಮೇತ. ಅಲ್ಲಿ ನಾನು ಒಂದು ಮಾತೂ ಆಡಿಲ್ಲ. ಆ ದೃಶ್ಯ ಚೆನ್ನಾಗಿದೆ ಅಂತ ಸುಮ್ನೆ ಹಾಕಿದ್ದೆ, ಅಷ್ಟೆ. ಅದನ್ನು ಯಾವ ಕಾನೂನಿನ ಮುಂದೆ ಹೇಗೆ ಸಮರ್ಥಿಸಲಿ?

ಹಾಗಾಗಿ ಆ ಸಲ ಜಗಳಕ್ಕೆ ಹೋಗಲಿಲ್ಲ. ಸ್ಟ್ರೈಕ್ ತೀರಲು 90 ದಿನ ಕಾದೆ. ವಿದಾಯದ ದೃಶ್ಯ ತೆಗೆದು, ಹೊಸದಾಗಿ ಎಡಿಟ್ ಮಾಡಿ, 19 ನಿಮಿಷದ ವಿಡಿಯೋ ಹಾಕಿದೆ. ಮೂರೇ ವಾರದಲ್ಲಿ ಅದನ್ನೂ ತೆಗೆಸಿದರು.

ಈ ಸಲ ನಾನು ಸುಮ್ಮನಿರಲಿಲ್ಲ. ಕೌಂಟರ್ ನೋಟಿಸ್ ಕೊಟ್ಟೆ, ಅಂದರೆ ಅವರ ದೂರು ಸರಿಯಲ್ಲ, ವಿಡಿಯೋ ವಾಪಸ್ ಹಾಕಿ ಅಂತ ಕೇಳುವ ಅರ್ಜಿ. ಆ ಫಾರ್ಮ್ ತುಂಬುವುದು ಸುಲಭದ ಕೆಲಸ ಅಲ್ಲ. ನಿಜವಾದ ಹೆಸರು, ವಿಳಾಸ, ಫೋನ್ ನಂಬರ್ ಕೊಡಬೇಕು. ಅದೆಲ್ಲ ಸ್ಟುಡಿಯೋದ ವಕೀಲರ ಕೈಗೆ ಹೋಗುತ್ತದೆ. ಕೇಸ್ ಹಾಕಿದರೆ ಅಮೆರಿಕದ ಕೋರ್ಟಿನ ವ್ಯಾಪ್ತಿಗೆ ಬರುತ್ತೇನೆ ಅಂತ ಒಪ್ಪಬೇಕು. ಸುಳ್ಳು ಹೇಳಿದರೆ ಶಿಕ್ಷೆ ಅಂತ ತಿಳಿದೇ ಸಹಿ ಹಾಕಬೇಕು. ಎಷ್ಟು ಅಭಿಮಾನಿಗಳು ಈ ಪುಟದ ತನಕ ಬಂದು ವಾಪಸ್ ಹೋಗಿರಬೇಕು ಅಂತ ಅವತ್ತು ಅನ್ನಿಸಿತು. ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಕ್ಲಿಪ್‌ಗೂ ಒಂದೊಂದು ಸಾಲಿನ ಕಾರಣ ಬರೆದೆ. ನೋಟಿಸ್ ಕಳಿಸುವ ಮೊದಲು ಫೇರ್ ಯೂಸ್ ಆಗಿರಬಹುದಾ ಅಂತ ಹಕ್ಕುದಾರರು ಯೋಚಿಸಲೇಬೇಕು ಅಂತ 2015ರಲ್ಲಿ ಲೆನ್ಜ್ ಕೇಸಿನಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಹೇಳಿದೆ. ಅದನ್ನೂ ಸೇರಿಸಿದೆ.

ಆಮೇಲೆ ಸ್ಟುಡಿಯೋಗೆ 10 ಕೆಲಸದ ದಿನಗಳ ಗಡುವು. ಅಷ್ಟರೊಳಗೆ ಅವರು ಕೋರ್ಟಿಗೆ ಹೋಗದಿದ್ದರೆ ವಿಡಿಯೋ ವಾಪಸ್. ಆ ದಿನಗಳಲ್ಲಿ ಪ್ರತಿ ಇಮೇಲ್ ಸದ್ದಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಏನೂ ಮಾಡಲಿಲ್ಲ. ವಿಡಿಯೋ ವಾಪಸ್ ಬಂತು. ಒಂದು ಸಾಲಿನ ಕ್ಷಮೆಯೂ ಬರಲಿಲ್ಲ, ಅದು ಬೇರೆ ಮಾತು.

ಇಷ್ಟಾದ ಮೇಲೆ ನನ್ನ ಉಳಿದ ಕೆಲಸವನ್ನೂ ಅದೇ ಕಣ್ಣಿನಿಂದ ನೋಡಿದೆ. ಆ ಸೀರಿಯಲ್ ಮೇಲೆ ನಾನು ಬರೆದ ಎಪಿಸೋಡ್ ಗೈಡ್ ಮತ್ತು ಕ್ವಿಜ್ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಬರಹ ತಾನೆ, ನನ್ನದೇ ವಾಕ್ಯ ತಾನೆ ಅಂದುಕೊಂಡಿದ್ದೆ. ಆದರೆ ‘ಸೈನ್‌ಫೆಲ್ಡ್’ ಅನ್ನೋ ಅಮೆರಿಕದ ಟಿವಿ ಸೀರಿಯಲ್ ಬಗ್ಗೆ 643 ಪ್ರಶ್ನೆಗಳ ಕ್ವಿಜ್ ಪುಸ್ತಕ ತಂದವರು 1998ರಲ್ಲಿ ಸೋತಿದ್ದಾರೆ. ಕತೆಯೊಳಗಿನ ಸಂಗತಿಗಳು ಇತಿಹಾಸದ ಸಂಗತಿಗಳಂತಲ್ಲ, ಬರೆದವರು ಹುಟ್ಟಿಸಿದ್ದು ಅಂತ ಕೋರ್ಟ್ ಹೇಳಿತು. ಅದಕ್ಕೂ ಮೊದಲು, 1993ರಲ್ಲಿ, ‘ಟ್ವಿನ್ ಪೀಕ್ಸ್’ ಎಪಿಸೋಡ್‌ಗಳ ಕತೆಯನ್ನು ಎಳೆಎಳೆಯಾಗಿ ಹೇಳಿದ ಪುಸ್ತಕಕ್ಕೂ ಇದೇ ಗತಿಯಾಗಿತ್ತು. ಹಾಗಾಗಿ ಗೈಡ್‌ನಲ್ಲಿ ಕತೆ ಹೇಳೋದನ್ನು ಮೂರು ನಾಲ್ಕು ಸಾಲಿಗೆ ಇಳಿಸಿದೆ, ನನ್ನ ವಿಮರ್ಶೆಯನ್ನು ಜಾಸ್ತಿ ಮಾಡಿದೆ. ಕ್ವಿಜ್ ತೆಗೆದುಬಿಟ್ಟೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಗೈಡ್ ಮೊದಲಿಗಿಂತ ಓದೋಕೆ ಚೆನ್ನಾಗಿದೆ.

ಸ್ಟುಡಿಯೋಗಳ ಕಡೆಯ ಮಾತಿನಲ್ಲೂ ಸ್ವಲ್ಪ ಹುರುಳಿದೆ ಅಂತ ನಾನು ಒಪ್ಪುತ್ತೇನೆ. ‘ಸ್ಟಾರ್ ಟ್ರೆಕ್’ ಸೀರಿಯಲ್‌ನ ಅಭಿಮಾನಿಗಳು ‘ಆಕ್ಸನಾರ್’ ಅನ್ನೋ ಸಿನಿಮಾಕ್ಕಾಗಿ ಜನರಿಂದ 10 ಲಕ್ಷ ಡಾಲರ್‌ಗೂ ಜಾಸ್ತಿ ಎತ್ತಿದ್ದರು. 2015ರ ಕೊನೆಗೆ ಕೇಸ್ ಬಿತ್ತು. ಅಷ್ಟು ದೊಡ್ಡ ಮೊತ್ತ ಬಂದ ಮೇಲೆ ಅದು ಬರೀ ಅಭಿಮಾನದ ಕೆಲಸವಾಗಿ ಉಳಿಯೋದು ಕಷ್ಟ. ಆದರೆ 2016ರಲ್ಲಿ ‘ಸ್ಟಾರ್ ಟ್ರೆಕ್’ ಸ್ಟುಡಿಯೋ ಅಭಿಮಾನಿಗಳ ಸಿನಿಮಾಗಳಿಗೆ ತಂದ ನಿಯಮ ನೋಡಿ: ಒಂದು ಕತೆ 15 ನಿಮಿಷ ಮೀರಬಾರದು, ಎರಡು ಭಾಗ ಸೇರಿದರೂ 30 ನಿಮಿಷಕ್ಕೆ ಮುಗಿಯಬೇಕು, ಜನರಿಂದ ಎತ್ತುವ ಹಣ 50,000 ಡಾಲರ್ ದಾಟಬಾರದು. ಒಬ್ಬರ ಮೇಲಿನ ಸಿಟ್ಟನ್ನು ಎಲ್ಲರ ಮೇಲೂ ತೀರಿಸಿದ ಹಾಗಾಯಿತು. ವರ್ಷಗಟ್ಟಲೆ ಸಣ್ಣದಾಗಿ, ಪ್ರೀತಿಯಿಂದ ಮಾಡುತ್ತಿದ್ದವರ ಕೈಯೂ ಕಟ್ಟಿಹೋಯಿತು.

ನನಗೆ ಮತ್ತೆ ಮತ್ತೆ ನೆನಪಾಗೋದು ಬಿಬಿಸಿಯ ‘ಡಾಕ್ಟರ್ ಹೂ’ ಸೀರಿಯಲ್. 1960ರ ದಶಕದ ಎಷ್ಟೋ ಎಪಿಸೋಡ್‌ಗಳ ಟೇಪ್‌ಗಳನ್ನು ಬಿಬಿಸಿಯೇ ಅಳಿಸಿಹಾಕಿತು. 90ಕ್ಕೂ ಹೆಚ್ಚು ಎಪಿಸೋಡ್‌ಗಳ ಚಿತ್ರ ಇವತ್ತಿಗೂ ಸಿಕ್ಕಿಲ್ಲ. ಆದರೆ ಅಷ್ಟೂ ಎಪಿಸೋಡ್‌ಗಳ ಧ್ವನಿ ಉಳಿದಿದೆ. ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಟಿವಿಯ ಸದ್ದು ಹಿಡಿದಿಟ್ಟವರು ಅಭಿಮಾನಿಗಳು. ಯಾರ ಅನುಮತಿಯನ್ನೂ ಕೇಳಿರಲಿಲ್ಲ. ಮುಂದೆ ಬಿಬಿಸಿ ಆ ಧ್ವನಿಗಳನ್ನೇ ಮಾರಾಟಕ್ಕೆ ತಂದಿತು. 2006ರಲ್ಲಿ ‘ದಿ ಇನ್ವೇಷನ್’ ಕತೆಯ ಕಳೆದುಹೋದ ಎಪಿಸೋಡ್‌ಗಳನ್ನು ಅದೇ ಧ್ವನಿಯ ಮೇಲೆ ಅನಿಮೇಷನ್ ಮಾಡಿ ಹೊರತಂದಿತು.

ನನ್ನ ಹತ್ತಿರವೂ ಒಂದು ಪೆಟ್ಟಿಗೆ ಇದೆ. ಹಳೆಯ ಅಭಿಮಾನಿಯೊಬ್ಬರು ಕೊಟ್ಟ 14 ವಿಎಚ್‌ಎಸ್ ಟೇಪ್‌ಗಳು. ನನ್ನ ಸೀರಿಯಲ್ ಮೊದಲ ಸಲ ಪ್ರಸಾರವಾದಾಗ ರೆಕಾರ್ಡ್ ಮಾಡಿದ್ದು. ಈಗ ಸ್ಟ್ರೀಮಿಂಗ್‌ನಲ್ಲಿ ಬರುವ ಎಪಿಸೋಡ್‌ಗಳಲ್ಲಿ ಕೆಲವು ಹಾಡು ಬದಲಾಗಿವೆ, ‘ಮುಂದಿನ ವಾರ’ದ ತುಣುಕುಗಳೂ ಇಲ್ಲ. ಈ ಟೇಪ್‌ಗಳಲ್ಲಿ ಎಲ್ಲ ಇದೆ. ಇವನ್ನು ಎಲ್ಲೂ ಅಪ್‌ಲೋಡ್ ಮಾಡಿಲ್ಲ. ಕಂಪ್ಯೂಟರ್‌ಗೆ ಇಳಿಸಿ, ಪ್ರತಿ ಟೇಪ್‌ನಲ್ಲಿ ಏನಿದೆ ಅಂತ ಪಟ್ಟಿ ಮಾಡಿದ್ದೇನೆ. ಆ ಪಟ್ಟಿಯನ್ನು ಸ್ಟುಡಿಯೋಗೇ ಕಳಿಸಿದ್ದೇನೆ, ಬೇಕಾದರೆ ಪುಕ್ಕಟೆ ಕೊಡುತ್ತೇನೆ ಅಂತ ಬರೆದು. ಇನ್ನೂ ಉತ್ತರ ಬಂದಿಲ್ಲ. ಟೇಪ್‌ಗಳಿಗೆ ತೇವ ತಾಗದ ಹಾಗೆ ಎತ್ತಿಟ್ಟಿದ್ದೇನೆ.