ಹಳೆ ಮಿಲಿಟರಿ ಕೋಟು ಯಾರದ್ದು? ಹುಡುಕುವ ಬಗೆ

ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದು ಟೈಲರ್ ಅಂಗಡಿ. ಎರಡು ವರ್ಷದ ಹಿಂದೆ ಒಬ್ಬರು ತೋಟದ ಹಳೆ ಬಂಗಲೆ ಖಾಲಿ ಮಾಡಿಸುವಾಗ ಸಿಕ್ಕ ಖಾಕಿ ಉಣ್ಣೆ ಕೋಟು ತಂದರು. "ತೋಳು ಕತ್ತರಿಸಿ ಕೊಡಿ, ಮಳೆಗಾಲದಲ್ಲಿ ತೋಟಕ್ಕೆ ಹಾಕ್ಕೊಂಡು ಹೋಗ್ತೀನಿ" ಅಂದರು. ಕತ್ತರಿ ಎತ್ತಿಕೊಂಡವನು ಗುಂಡಿ ನೋಡಿ ನಿಲ್ಲಿಸಿದೆ. ಗುಂಡಿಯ ಮೇಲೆ ಬ್ರಿಟಿಷ್ ರಾಜರ ಕಿರೀಟ ಇತ್ತು. ಅವರನ್ನು ಒಪ್ಪಿಸಿ ಕೋಟು ಇಟ್ಟುಕೊಂಡೆ. ಅದರ ಮನೆ ಸಿಗಲು ಏಳು ತಿಂಗಳು ಹಿಡಿಯಿತು.

ನಿಮ್ಮ ಅಟ್ಟದಲ್ಲೂ ಇಂಥದ್ದು ಸಿಕ್ಕರೆ ಮೊದಲು ಒಗೆಯಬೇಡಿ. ಇಸ್ತ್ರಿಯೂ ಬೇಡ. ಹಿಂದೆ ಒಂದು ಕೋಟನ್ನು ನಾನೇ ಜಾಣತನ ತೋರಿಸಿ ಸೋಪು ನೀರಲ್ಲಿ ನೆನೆಸಿದ್ದೆ. ಜೇಬಿನೊಳಗೆ ಶಾಯಿಯಲ್ಲಿ ಬರೆದಿದ್ದ ಹೆಸರು ನೀರಿನ ಜೊತೆ ಹೋಯಿತು. ಆ ಕೋಟು ಈಗಲೂ ನನ್ನ ಬೀರುವಿನಲ್ಲೇ ಇದೆ.

ಹೆಸರನ್ನು ಒಳಗಡೆ ಹುಡುಕಿ. ಆಫೀಸರುಗಳು ಟೈಲರ್ ಹತ್ತಿರ ಹೊಲಿಸಿಕೊಂಡ ಕೋಟಾದರೆ ಎದೆಯ ಒಳಜೇಬಿನಲ್ಲಿ ಅಂಗಡಿಯ ಚೀಟಿ ಇರುತ್ತದೆ. ಅದರಲ್ಲಿ ಕೈಬರಹದ ಹೆಸರು, ತಾರೀಖು ಇರಬಹುದು. ಜವಾನರಿಗೆ ಸರ್ಕಾರ ಕೊಟ್ಟ ಕೋಟಿನಲ್ಲಿ ಅಳತೆ, ವರ್ಷ, ಕೆಲವು ಸಲ ಸೈನಿಕನ ನಂಬರ್ ಇರುತ್ತದೆ. ಕಾಲರ್ ಹಿಂದೆ, ತೋಳಿನ ಲೈನಿಂಗ್ ಒಳಗೆ ಎಲ್ಲ ನೋಡಿ. ನಂಬರಿನ ಮುಂದೆ ಐಸಿ ಅಂತಿದ್ದರೆ ಆಫೀಸರ್, ಜೆಸಿ ಅಂತಿದ್ದರೆ ಸುಬೇದಾರ್ ದರ್ಜೆಯವರು.

ಪುಟ್ಟ ಕಪ್ಪು ಗೆರೆ, ಚುಕ್ಕಿ ಕಂಡರೆ ಅದು ಧೋಬಿಯ ಗುರುತು. ಕರಿಗೇರಿನ ರಸದಲ್ಲಿ ಹಾಕುತ್ತಿದ್ದರು, ಎಷ್ಟು ಒಗೆದರೂ ಹೋಗುವುದಿಲ್ಲ. ನಾನು ಅದನ್ನೇ ಸೈನಿಕನ ನಂಬರ್ ಅಂದುಕೊಂಡು ಮೂರು ದಿನ ಸುಮ್ನೆ ತಲೆ ಕೆಡಿಸಿಕೊಂಡೆ.

ಆಮೇಲೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಬಟ್ಟೆಗೆ ತಾಗಿದ ಹಾಗೆ ಹಿಡಿಯಿರಿ. ಕಿತ್ತುಹೋದ ಹೊಲಿಗೆಯ ತೂತುಗಳೆಲ್ಲ ಎದ್ದು ಕಾಣುತ್ತವೆ. ನನ್ನ ಕೋಟಿನ ಭುಜದಲ್ಲಿ ಮೂರು ನಕ್ಷತ್ರ, ಅಂದರೆ ಕ್ಯಾಪ್ಟನ್. ಆದರೆ ಎರಡು ನಕ್ಷತ್ರದ ಕೆಳಗೆ ಬಟ್ಟೆಯ ಬಣ್ಣ ಗಾಢವಾಗಿತ್ತು, ಮೂರನೆಯದರ ಕೆಳಗೆ ಮಾಸಿತ್ತು. ಮೂರನೆಯದು ಆಮೇಲೆ ಬಂದದ್ದು. ಮನುಷ್ಯ ಇದೇ ಕೋಟಿನಲ್ಲಿ ಲೆಫ್ಟಿನೆಂಟ್‌ನಿಂದ ಬಡ್ತಿ ಪಡೆದಿದ್ದಾನೆ. ಇದನ್ನು ಯಾವ ಪುಸ್ತಕವೂ ಹೇಳಿಕೊಡಲಿಲ್ಲ, ಹೊಲಿಗೆ ಹೇಳಿತು.

ಎಡಜೇಬಿನ ಮೇಲಿನ ರಿಬ್ಬನ್ ಕಾಲ ಹೇಳುತ್ತದೆ. ನಡುವೆ ಅಗಲ ಕೆಂಪು, ಎರಡೂ ಕಡೆ ಕಡುನೀಲಿ, ಆ ನೀಲಿಯ ನಡುವೆ ಕಿತ್ತಳೆ ಗೆರೆ ಇದ್ದರೆ ಎರಡನೇ ಮಹಾಯುದ್ಧದ ಬರ್ಮಾ ಸ್ಟಾರ್. ಕೇಸರಿ, ಬಿಳಿ, ಹಸಿರು ಇದ್ದರೆ 1947ರ ಸ್ವಾತಂತ್ರ್ಯದ ಪದಕ. ನನಗೆ ಎರಡೂ ಸಿಕ್ಕವು. 1950ರ ಜನವರಿಯಲ್ಲಿ ಗಣರಾಜ್ಯವಾದ ಮೇಲೆ ಕಿರೀಟದ ಜಾಗಕ್ಕೆ ಅಶೋಕನ ಸಿಂಹ ಬಂತು. ಕಿರೀಟದ ಗುಂಡಿ, ತಿರಂಗದ ರಿಬ್ಬನ್ ಎರಡೂ ಒಂದೇ ಕೋಟಿನಲ್ಲಿ ಇವೆ ಅಂದರೆ ಆ ನಡುವಿನ ಎರಡೂವರೆ ವರ್ಷದ ಕೋಟು ಅಂತ ಲೆಕ್ಕ ಹಾಕಿದೆ. ಗುಂಡಿ, ಬ್ಯಾಡ್ಜು ಬದಲಾಯಿಸಿ ಮಾರುವವರೂ ಇದ್ದಾರೆ. ಹೊಲಿದ ದಾರ ಕೋಟಿಗಿಂತ ಹೊಸದಾಗಿ ಕಂಡರೆ ನಂಬಬೇಡಿ.

ಬ್ಯಾಡ್ಜಿನಿಂದ ರೆಜಿಮೆಂಟ್ ಗೊತ್ತಾಗುತ್ತದೆ, ಊರು ಗೊತ್ತಾಗುವುದಿಲ್ಲ. ನಮ್ಮ ಕೊಡಗಿನವರೇ ಆದ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ರಜಪೂತ್ ರೆಜಿಮೆಂಟಿನವರು, ಜನರಲ್ ತಿಮ್ಮಯ್ಯನವರು ಹೈದರಾಬಾದ್ ರೆಜಿಮೆಂಟಿನವರು ಅಲ್ವಾ. ಊರಿಗೆ ಹೆಸರೇ ದಾರಿ. ಕೊಡವರ ಹೆಸರಿನಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರ ಒಕ್ಕದ್ದು, ಅಂದರೆ ಮನೆತನದ್ದು, ಎರಡನೆಯದು ಅಪ್ಪನದ್ದು. ಕೆ.ಎಂ. ಕಾರ್ಯಪ್ಪ ಅಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ. ನನ್ನ ಚೀಟಿಯಲ್ಲಿ ಎರಡು ಇನಿಶಿಯಲ್ ಮತ್ತು ಅರ್ಧ ಹೆಸರು ಉಳಿದಿತ್ತು. ಆ ಅಕ್ಷರದ ಒಕ್ಕಗಳನ್ನೆಲ್ಲ ಪಟ್ಟಿ ಮಾಡಿದೆ. ಹಾಗಂತ ಕೊಡಗಿನ ಕೋಟೆಲ್ಲ ಕೊಡವರದ್ದಲ್ಲ. ಅರೆಭಾಷೆ ಗೌಡರ ಮನೆಗಳಿಂದಲೂ ಎಷ್ಟು ಜನ ಸೈನ್ಯಕ್ಕೆ ಹೋಗಿದ್ದಾರೆ!

ಕೇಳುವುದು ಎಲ್ಲಿ? ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆ ಕಚೇರಿ, ಕೊಡವ ಸಮಾಜ, ತಿಮ್ಮಯ್ಯನವರ ಮನೆ ಸನ್ನಿಸೈಡ್‌ನಲ್ಲಿರುವ ಮ್ಯೂಸಿಯಂ. ಎಲ್ಲದಕ್ಕಿಂತ ಮಿಲಿಟರಿ ಕ್ಯಾಂಟೀನಿನ ಕ್ಯೂ ಮೇಲು. ಅಲ್ಲಿ ನಿಂತ ಹಿರಿಯರಿಗೆ ಫೋಟೋ ತೋರಿಸಿದರೆ ಹತ್ತು ಹೆಸರು ಸಿಗುತ್ತವೆ. ಯುದ್ಧದಲ್ಲಿ ತೀರಿಕೊಂಡವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಲ್ಲಿ ಹೆಸರು ಹಾಕಿ ನೋಡಿ. 1947ರ ಕೊನೆಯವರೆಗಿನದು ಅಲ್ಲಿದೆ. ಜವಾನರ ದಾಖಲೆ ಆಯಾ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿನಲ್ಲಿರುತ್ತದೆ. ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್‌ನಲ್ಲಿ, ತೋಪುಪಡೆಯದು ನಾಸಿಕ್ ರೋಡಿನಲ್ಲಿ. ಅಲ್ಲಿಗೆ ಮನೆಯವರೇ ಬರೆಯುವುದು ಒಳ್ಳೆಯದು.

ಕೊನೆಗೆ ಪೇಪರಿನಲ್ಲಿ ಸಣ್ಣ ಜಾಹೀರಾತು ಕೊಟ್ಟೆ. ಇಲ್ಲೊಂದು ಮಾತು: ಎಲ್ಲ ವಿವರ ಹಾಕಬೇಡಿ. ಒಂದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ನಮ್ಮಜ್ಜನದ್ದು ಅಂತ ನಾಲ್ಕು ಮನೆಯವರು ಫೋನ್ ಮಾಡಿದರು. ಐದನೆಯದು ವಿರಾಜಪೇಟೆ ಕಡೆಯ ಒಬ್ಬ ಅಜ್ಜಿ. ಹೆಸರು ಬರೆಯಬೇಡ ಅಂದಿದ್ದಾರೆ. "ಕೆಳಗಿನ ಗುಂಡಿ ಒಂದು ಇಲ್ಲ ತಾನೆ?" ಅಂತ ಕೇಳಿದರು. ನಾನು ಯಾರಿಗೂ ಹೇಳದೆ ಇಟ್ಟಿದ್ದು ಅದನ್ನೇ.

ಹೋದಾಗ ಬಿಸ್ಕತ್ ಡಬ್ಬಿಯಿಂದ ಆ ಗುಂಡಿ ತೆಗೆದುಕೊಟ್ಟರು. ಅಲ್ಲೇ ಕೂತು ಹೊಲಿದೆ. ದಾರ ಮಾತ್ರ ಹೊಸದು.