ನೀರುಳಿಸುವ ಕಮೋಡ್: ಕೊಳ್ಳುವ ಮೊದಲು ಅಳೆದು ನೋಡಿ

2024ರ ಬೇಸಿಗೆಯಲ್ಲಿ ಅಪಾರ್ಟ್‌ಮೆಂಟ್, ಹೋಟೆಲುಗಳ ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ತುದಿ) ಕೂರಿಸಲೇಬೇಕೆಂದು ಬೆಂಗಳೂರು ಜಲಮಂಡಳಿ ಆದೇಶಿಸಿತು. ಇನ್ನೊಂದು ದೊಡ್ಡ ಖರ್ಚುದಾರ ಫ್ಲಶ್ ಟ್ಯಾಂಕ್ ಮಾತ್ರ ಯಾರ ಕಣ್ಣಿಗೂ ಬಿದ್ದಂತಿರಲಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ತಲೆಗೆ ದಿನಕ್ಕೆ 135 ಲೀಟರ್ ನೀರು ಲೆಕ್ಕ ಹಾಕುತ್ತದೆ. ಅದರಲ್ಲಿ 45 ಲೀಟರ್ ಫ್ಲಶ್‌ಗೇ ಮೀಸಲು.

‘ಕಡಿಮೆ ನೀರಿನಲ್ಲಿ ಸರಿಯಾಗಿ ಹೋಗುವುದಿಲ್ಲ, ಎರಡು ಸಲ ಒತ್ತಬೇಕು’ ಎಂಬ ದೂರು ಹಳೆಯದು, ಒಂದು ಕಾಲಕ್ಕೆ ನಿಜವೂ ಆಗಿತ್ತು. ಅಮೆರಿಕದಲ್ಲಿ 1992ರ ಕಾನೂನು ಒಂದು ಫ್ಲಶ್‌ಗೆ ಸುಮಾರು 6 ಲೀಟರ್ ಮಿತಿ ಹಾಕಿದಾಗ ಮೊದಮೊದಲು ಬಂದ ಕಮೋಡ್‌ಗಳು ಪದೇ ಪದೇ ಕಟ್ಟಿಕೊಂಡವು. ಟ್ಯಾಂಕನ್ನಷ್ಟೇ ಕುಗ್ಗಿಸಿದರೆ ಸಾಲದು, ಬಟ್ಟಲಿನ ಆಕಾರವೂ ಬದಲಾಗಬೇಕು ಎಂಬುದು ತಯಾರಕರಿಗೆ ಆಮೇಲೆ ಹೊಳೆಯಿತು. ಈಗಿನ 6/3 ಲೀಟರ್ ಡ್ಯುಯಲ್ ಫ್ಲಶ್ (ದೊಡ್ಡ ಬಟನ್ ಒತ್ತಿದರೆ 6 ಲೀಟರ್, ಸಣ್ಣದಕ್ಕೆ 3) ಬಗ್ಗೆ ಆ ಅಂಜಿಕೆ ಬೇಡ, ಬಟ್ಟಲು ಮತ್ತು ಟ್ಯಾಂಕನ್ನು ಜೋಡಿಯಾಗಿಯೇ ಕೊಂಡರೆ. 10 ಲೀಟರಿಗೆಂದು ಮಾಡಿದ ಹಳೆಯ ಬಟ್ಟಲಿಗೆ 6 ಲೀಟರಿನ ಹೊಸ ಟ್ಯಾಂಕ್ ತೂಗುಹಾಕುವುದು ದುಡ್ಡು ಉಳಿಸುವ ದಾರಿಯಲ್ಲ. ಎರಡು ಸಲ ಒತ್ತುವ ಪ್ರಸಂಗ ಬರುವುದೇ ಇಂಥ ಕಡೆ.

ಮೊದಲು ನಿಮ್ಮ ಟ್ಯಾಂಕ್ ಎಷ್ಟು ಕುಡಿಯುತ್ತದೆ ನೋಡಿ. ಒಳಗಿನ ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಟ್ಯಾಂಕಿಗೆ ನೀರು ಬಿಡುವ ಗೋಡೆಯ ನಲ್ಲಿ (ಆಂಗಲ್ ಕಾಕ್) ಮುಚ್ಚಿ, ಫ್ಲಶ್ ಮಾಡಿ. ಲೀಟರ್ ಚೊಂಬಿನಲ್ಲಿ ಗುರುತಿನವರೆಗೆ ಎಣಿಸುತ್ತಾ ತುಂಬಿಸಿ. 6ರ ಆಸುಪಾಸು ಬಂದರೆ ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ.

10 ಬಂದರೆ ಲೆಕ್ಕ ಹೀಗೆ: ನಾಲ್ವರ ಮನೆ, ಒಬ್ಬೊಬ್ಬರು ದಿನಕ್ಕೆ ಐದು ಸಲ ಒತ್ತುತ್ತಾರೆ ಎಂದುಕೊಳ್ಳಿ. ಹಳೆಯದರಲ್ಲಿ 200 ಲೀಟರ್. 6/3ರಲ್ಲಿ ಒಂದು ಪೂರ್ಣ, ನಾಲ್ಕು ಅರ್ಧ ಎಂದರೆ 72. ತಿಂಗಳಿಗೆ ಉಳಿಯುವುದು 3,800 ಲೀಟರಿಗೂ ಹೆಚ್ಚು. ಟ್ಯಾಂಕರ್ ತರಿಸುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಕಾವೇರಿ ನೀರು ಧಾರಾಳವಾಗಿ ಬರುವ ಮನೆಯಲ್ಲಿ ಹಾಕಿದ ದುಡ್ಡು ಹಿಂದಿರುಗಲು ಹೆಚ್ಚು ಕಾಲ ಬೇಕು; ಅಲ್ಲಿ ಸ್ನಾನದ ಮನೆ ರಿಪೇರಿಗೆ ಕೈಹಾಕುವಾಗ ಬದಲಾಯಿಸಿದರಾಯಿತು.

ಅದಕ್ಕೂ ಮೊದಲು ಸೋರಿಕೆ ಪರೀಕ್ಷೆ. ಕೇಸರಿಬಾತಿಗೆ ಹಾಕುವ ಬಣ್ಣವನ್ನು ಚಿಟಿಕೆಯಷ್ಟು ಟ್ಯಾಂಕಿನಲ್ಲಿ ಕದಡಿ, ಅರ್ಧ ಗಂಟೆ ಯಾರೂ ಒತ್ತದಂತೆ ನೋಡಿಕೊಳ್ಳಿ. ಬಟ್ಟಲಿನ ನೀರು ಕೇಸರಿಯಾದರೆ ತಳದ ರಬ್ಬರ್ ವಾಷರ್ ಕೆಟ್ಟಿದೆ ಅಥವಾ ಅದರ ಅಂಚಿಗೆ ಬೋರ್‌ವೆಲ್ ನೀರಿನ ಬಿಳಿ ಪೊರೆ ಕಟ್ಟಿದೆ. ವಾಷರ್ ಬದಲಿಸಿ, ಅಥವಾ ಬಿಚ್ಚಿ ವಿನೆಗರಿನಲ್ಲಿ ನೆನೆಸಿ ಉಜ್ಜಿ. ಹಗಲಿರುಳು ಸಣ್ಣಗೆ ಸೋರುವ ‘ನೀರುಳಿಸುವ’ ಟ್ಯಾಂಕ್ ಹಳೆಯದಕ್ಕಿಂತ ದುಂದುಗಾರ.

ಕೊಳ್ಳುವುದೆಂದು ತೀರ್ಮಾನವಾದರೆ ಕಮೋಡಿನ ಹೊರಹರಿವಿನ ಪೈಪ್ ಗೋಡೆಯೊಳಗೆ ಹೋಗುತ್ತದೆಯೋ (ಪಿ ಟ್ರ್ಯಾಪ್), ನೆಲದೊಳಗೆ ಹೋಗುತ್ತದೆಯೋ (ಎಸ್ ಟ್ರ್ಯಾಪ್) ನೋಡಿ. ನೆಲದ್ದಾದರೆ ಟೈಲ್ಸ್ ಹಾಕಿದ ಗೋಡೆಯಿಂದ ರಂಧ್ರದ ನಡುವಿಗೆ ಎಷ್ಟು ಇಂಚು ಎಂದು ಅಳೆದು ಬರೆದುಕೊಳ್ಳಿ. ಸ್ಯಾನಿಟರಿ ಅಂಗಡಿಯಲ್ಲಿ ಬಟ್ಟಲಿನ ಬಣ್ಣಕ್ಕೆ ಮರುಳಾಗದೆ ಹೊರಹರಿವಿನ ದಾರಿಗೆ ಬೆರಳು ಹಾಕಿ: ಒಳಗೂ ನುಣುಪಾದ ಮೆರುಗು ಇರಬೇಕು, ಒರಟಾಗಿದ್ದರೆ ಬೇಡ. ಗೋಡೆಯೊಳಗೆ ಹುದುಗಿಸುವ ಟ್ಯಾಂಕ್ ನೋಡಲು ಚೆಂದ. ಆದರೆ ಬಟನ್ ಫಲಕದ ಕಿಂಡಿಯಲ್ಲೇ ಕೈಹಾಕಿ ಎಲ್ಲ ಬಿಡಿಭಾಗ ಬಿಚ್ಚಬಹುದೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ವಾಷರಿಗಾಗಿ ಟೈಲ್ಸ್ ಒಡೆಯಬೇಕಾದೀತು. ನನ್ನ ಮತವಂತೂ ಹೊರಗೆ ಕಾಣುವ ಟ್ಯಾಂಕಿಗೇ.

ಮನೆಯ ಹೊರಗಿನ ಛೇಂಬರ್ (ಒಳಚರಂಡಿ ಪೈಪ್ ಬಂದು ಸೇರುವ ಗುಂಡಿ) ಈಗಾಗಲೇ ಆಗಾಗ ಕಟ್ಟುತ್ತಿದ್ದರೆ ಕಮೋಡ್ ಬದಲಿಸುವ ಮೊದಲು ಪೈಪಿನ ಇಳಿಜಾರು ಸರಿಪಡಿಸಿ. ದೂರದ, ಚಪ್ಪಟೆ ಹಾದಿಯಲ್ಲಿ 10 ಲೀಟರ್ ಹೇಗೋ ದೂಡುತ್ತಿದ್ದುದನ್ನು 6 ಲೀಟರ್ ನಡುದಾರಿಯಲ್ಲೇ ಬಿಟ್ಟುಬಿಡುತ್ತದೆ.

ಕೂರಿಸಿದ ಮೇಲೆ ಪ್ಲಂಬರ್ ಹೊರಡುವ ಮುನ್ನ ಬಟ್ಟಲಿನ ನೀರಿಗೆ ಅದೇ ಕೇಸರಿ ಬಣ್ಣ ಹಾಕಿ ಸಣ್ಣ ಬಟನ್ ಒತ್ತಿ. ಬಣ್ಣ ಪೂರ್ತಿ ಹೋಗದಿದ್ದರೆ ಟ್ಯಾಂಕಿನ ನೀರಿನ ಮಟ್ಟ ನಿಗದಿ ಮಾಡುವ ಫ್ಲೋಟನ್ನು ತುಸು ಮೇಲೇರಿಸಲು ಹೇಳಿ. ಮಾದರಿ ಸಂಖ್ಯೆಯನ್ನು ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಬರೆದಿಡಿ. ಮುಂದೆ ವಾಷರ್ ಕೊಳ್ಳಲು ಹೋದಾಗ ಅಂಗಡಿಯವರು ಮೊದಲು ಕೇಳುವುದು ಅದನ್ನೇ.